ಅಳಿಸುವ ಹಾಡನ್ನೇ ಮತ್ತೆ ಹಚ್ಚು ಅನ್ನುವುದು ಯಾಕೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ವಯಸ್ಸಿನವರಿಂದ ಬರುತ್ತಲೇ ಇದೆ. ದುಃಖದ ಹಾಡು ಕೇಳಿದರೆ ಗಂಟಲು ಬಿಗಿಯುತ್ತದೆ, ಕಣ್ಣು ತುಂಬುತ್ತದೆ. ಆದರೂ ಮುಗಿಯುತ್ತಲೇ ಅದನ್ನೇ ಇನ್ನೊಮ್ಮೆ ಹಚ್ಚಬೇಕು ಅನ್ನಿಸುತ್ತದಲ್ಲ, ಯಾಕೆ? ನಿಜವಾದ ದುಃಖವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಸಾವು, ಅಗಲಿಕೆ, ಕೈಗೆ ಬಂದ ಬೆಳೆ ಹೋಗುವುದು, ಇವೆಲ್ಲ ನಮ್ಮ ಬಾಗಿಲಿಗೆ ಬಾರದಿರಲಿ ಎಂದೇ ದೇವರಿಗೆ ಕೈ ಮುಗಿಯುತ್ತೇವೆ. ಅದೇ ಸಾವು, ಅದೇ ಅಗಲಿಕೆ ಹಾಡಾಗಿ ಬಂದರೆ ಮಾತ್ರ ಕೆಲಸ ಬಿಟ್ಟು ಕೂತು ಕೇಳುತ್ತೇವೆ. ಇದು ನನ್ನನ್ನೂ ಬಹಳ ದಿನದಿಂದ ಕಾಡಿದ ಪ್ರಶ್ನೆ.

ಹಾವೇರಿ ಸೀಮೆಯ ಮದುವೆಗಳಿಗೆ ಹೋದವರಿಗೆಲ್ಲ ಗೊತ್ತಿರುವ ಒಂದು ಗಳಿಗೆ ಇದೆ. ಅಕ್ಕಿಕಾಳು ಬಿದ್ದು, ಊಟ ಮುಗಿದು, ಮದುಮಗಳ ಉಡಿ ತುಂಬಿ ಆಗಿರುತ್ತದೆ. ಬೀಗರ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿರುತ್ತದೆ. ಆಗ ಹಿರಿಯ ಹೆಣ್ಣುಮಗಳೊಬ್ಬಳು ಹೆಣ್ಣು ಒಪ್ಪಿಸುವ ಹಾಡು ಎತ್ತಿಕೊಳ್ಳುತ್ತಾಳೆ. ಮಗಳನ್ನು ಸಾಕಿದ್ದು ಹೇಗೆ, ಇನ್ನು ಮುಂದೆ ಅವಳು ನಿಮ್ಮವಳು, ತಪ್ಪು ಮಾಡಿದರೆ ತಿದ್ದಿ, ಹಸಿದರೆ ಕರೆದು ಉಣ್ಣಿಸಿ ಎಂದು ಬೀಗರಿಗೆ ಹೇಳುವ ಹಾಡು ಅದು. ಎರಡನೇ ನುಡಿಗೆ ತಾಯಿ ಅಳುತ್ತಾಳೆ, ಮೂರನೆಯದಕ್ಕೆ ತಂದೆ ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಒತ್ತಿಕೊಳ್ಳುತ್ತಾನೆ. ಇದು ಸಹಜ. ನಾನು ಪ್ರತಿ ಸಲ ಗಮನಿಸುವುದು ಗಂಡಿನ ಕಡೆಯ ಹೆಂಗಸರನ್ನು. ಅವರು ಹೆಣ್ಣನ್ನು ಕರೆದುಕೊಂಡು ಹೋಗಲು ಬಂದವರು, ಕಳೆದುಕೊಳ್ಳುವುದು ಏನೂ ಇಲ್ಲ. ಆದರೂ ಅವರೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಅವರೇ ಬಸ್ಸಿನಲ್ಲಿ ಕೂತು ನಗುತ್ತ, "ಹಾಡು ಚಲೋ ಆತು ನೋಡವಾ" ಅನ್ನುತ್ತಾರೆ. ಹಾಡುವವರು ಸಿಗದ ಮದುವೆಯಲ್ಲಿ "ಒಪ್ಪಿಸೋ ಹಾಡು ಹೇಳಾಕ ಒಬ್ರೂ ಇಲ್ಲೇನ್ರೀ?" ಎಂಬ ಆಕ್ಷೇಪ ಎರಡೂ ಕಡೆಯಿಂದ ಬರುತ್ತದೆ. ಅಳಿಸಲಿಲ್ಲ ಎಂದು ಜನ ಬೇಸರ ಮಾಡಿಕೊಳ್ಳುತ್ತಾರೆ.

ವಿಜ್ಞಾನಿಗಳು ಕೊಟ್ಟ ವಿವರಣೆಗಳಲ್ಲಿ ಒಂದಂತೂ ಮೆಣಸಿನಕಾಯಿಯ ಊರಾದ ಬ್ಯಾಡಗಿಯವರಿಗೆ ಯಾರಿಗಿಂತಲೂ ಬೇಗ ತಿಳಿಯುವಂಥದ್ದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಪಾಲ್ ರೋಜಿನ್, ಮನುಷ್ಯರು ಮೆಣಸಿನಕಾಯಿಯ ಖಾರವನ್ನು ಯಾಕೆ ಇಷ್ಟಪಡುತ್ತಾರೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರದ ತುದಿಗೇ ಹೋಗಿ ಅಂಟಿಕೊಳ್ಳುತ್ತದೆ. ಆ ಗ್ರಾಹಿಯನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನಾಲಗೆ ಸುಟ್ಟಿತು ಎಂದು ದೇಹ ಕೂಗುತ್ತದೆ, ಏನೂ ಸುಟ್ಟಿಲ್ಲ ಎಂದು ಮನಸ್ಸಿಗೆ ಗೊತ್ತಿರುತ್ತದೆ. ಅಪಾಯವಿಲ್ಲದ ಅಪಾಯವನ್ನು ಗೆದ್ದ ಆ ತಿಳಿವಿನಲ್ಲೇ ಒಂದು ಸುಖವಿದೆ ಎಂಬುದು ರೋಜಿನ್ ಅವರ ವಾದ. 2013ರಲ್ಲಿ ಅವರು ಸಂಗಡಿಗರ ಜೊತೆ ಬರೆದ ಲೇಖನದಲ್ಲಿ ಖಾರ ತಿನ್ನುವುದು, ದುಃಖದ ಹಾಡು ಕೇಳುವುದು, ಅಳಿಸುವ ಸಿನಿಮಾ ನೋಡುವುದು, ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸಿದರು.

ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಗೋದಾಮುಗಳಿಗೆ ಹೋದರೆ ಖಾರ ಮತ್ತು ಹಾಡು ಎರಡೂ ಒಂದೇ ಕಡೆ ಸಿಗುತ್ತವೆ. ಕೆಂಪು ರಾಶಿಯ ಸುತ್ತ ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿರುತ್ತಾರೆ. ಮೂಗಿಗೆ ಸೆರಗು ಕಟ್ಟಿರುತ್ತದೆ, ಬೆರಳ ತುದಿ ಕೆಂಪಾಗಿ ಉರಿಯುತ್ತಿರುತ್ತದೆ. ಚೀಲದ ಮೇಲಿಟ್ಟ ಮೊಬೈಲಿನಲ್ಲಿ ಹಾಡು ಬರುತ್ತಿರುತ್ತದೆ. ನಾನು ಹೋದಾಗ ಬರುತ್ತಿದ್ದದ್ದು ತವರು ನೆನೆಯುವ ಜಾನಪದ ಹಾಡು. ಘಾಟಿಗೇ ಕಣ್ಣಲ್ಲಿ ನೀರು ಬರುವಾಗ ಮೇಲೆ ಇಂಥ ಹಾಡು ಯಾಕವಾ ಎಂದು ಹಿರಿಯಳೊಬ್ಬಳನ್ನು ಕೇಳಿದೆ. ಆಕೆ ಕೈ ನಿಲ್ಲಿಸದೇ ಹೇಳಿದಳು: "ಘಾಟಿನ ನೀರು ಒರಸಿದ್ರ ಹೋಗತೈತ್ರೀ. ಹಾಡಿಂದು ಹಂಗಲ್ಲ. ಒಂದ ಹಾಡು ಎಲ್ಲಾರೂ ಕೇಳತೀವಿ, ಒಬ್ಬೊಬ್ಬರಿಗೆ ಒಬ್ಬೊಬ್ಬರು ನೆನಪಾಗತಾರ." ಹಾಡು ಮುಗಿದ ಮೇಲೆ ಪಕ್ಕದವಳು ತನ್ನ ತಾಯಿಯ ಮಾತು ತೆಗೆದಳು. ಇನ್ನೊಬ್ಬಳು ತವರಲ್ಲಿ ಅಣ್ಣ ಮನೆ ಕಟ್ಟಿದ್ದು ಹೇಳಿದಳು. ಅದುವರೆಗೆ ಅಲ್ಲಿ ಕೂಲಿಯ ಮಾತು, ತೂಕದ ಮಾತು ಬಿಟ್ಟು ಬೇರೆ ಮಾತು ಇರಲಿಲ್ಲ.

ಹಾಗಾಗಿ ರೋಜಿನ್ ಹೇಳಿದ್ದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಹಾಡಿನ ದುಃಖದಿಂದ ನಮಗೆ ಏನೂ ಆಗುವುದಿಲ್ಲ ಎಂಬ ಧೈರ್ಯ ಇಲ್ಲದಿದ್ದರೆ ನಾವು ಅದರ ಹತ್ತಿರ ಹೋಗುತ್ತಿರಲಿಲ್ಲ. ಆದರೆ ಖಾರ ತಿಂದವನ ಸುಖ ಅವನ ನಾಲಗೆಯಲ್ಲೇ ಮುಗಿಯುತ್ತದೆ. ಹಾಡಿನ ಕಣ್ಣೀರಿನಲ್ಲಿ ಯಾವಾಗಲೂ ಇನ್ನೊಬ್ಬರು ಇರುತ್ತಾರೆ. ಮೆಣಸಿನಕಾಯಿಗೇ ಹೋಲಿಸುವುದಾದರೆ ಅದು 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ಆಗಬೇಕು. ಅದರ ಡಬ್ಬಿ ತಳಿಯನ್ನು ಜನ ಕೊಳ್ಳುವುದು ಖಾರಕ್ಕಲ್ಲ, ಬಣ್ಣಕ್ಕೆ. ಒಳ್ಳೆಯ ದುಃಖದ ಹಾಡೂ ಹಾಗೆಯೇ, ಬಣ್ಣವನ್ನು ಪೂರಾ ಬಿಟ್ಟುಕೊಡುತ್ತದೆ, ಉರಿಯನ್ನು ಅಳತೆಯಲ್ಲಿ ಇಡುತ್ತದೆ.

ಆ ಬಣ್ಣ ಬರುವುದು ಎಲ್ಲಿಂದ? ಮೊದಲು ದನಿಯಿಂದ. ದುಃಖದಲ್ಲಿರುವ ಮನುಷ್ಯ ನಿಧಾನ ಮಾತಾಡುತ್ತಾನೆ, ದನಿ ತಗ್ಗಿಸುತ್ತಾನೆ, ಏರಿಳಿತ ಕಡಿಮೆ ಮಾಡುತ್ತಾನೆ. ಸ್ವೀಡನ್ನಿನ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕಾ 2003ರಲ್ಲಿ ಮಾತು ಮತ್ತು ಸಂಗೀತದ ಬಗೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಎರಡೂ ಕಡೆ ದುಃಖ ತೋರಿಸುವ ಗುರುತುಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಳೆಯ ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕರಿಗೆ ಇದು ಕೈಯ ಅನುಭವದಿಂದಲೇ ಗೊತ್ತಿತ್ತು. 1971ರ 'ಕಸ್ತೂರಿ ನಿವಾಸ'ದಲ್ಲಿ ಬೊಂಬೆಯ ಹಾಡು ಒಮ್ಮೆ ನಲಿವಿನಲ್ಲಿ, ಇನ್ನೊಮ್ಮೆ ನೋವಿನಲ್ಲಿ ಬರುತ್ತದೆ. ಮಟ್ಟು ಅದೇ, ಪಿ.ಬಿ. ಶ್ರೀನಿವಾಸ್ ಅವರ ಕಂಠವೂ ಅದೇ. ನಡೆ ನಿಧಾನವಾಗುತ್ತಲೇ ಕೇಳುವವರ ಎದೆಯಲ್ಲಿ ಬೇರೆಯದೇ ಆಗುತ್ತದೆ.

ರಾಗದಲ್ಲೂ ಆ ಬಣ್ಣದ ಜಾಡು ಇದೆ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ನಂದಿನಿ ಚಟರ್ಜಿ ಸಿಂಗ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳುಗರಿಗೆ ಹಿಂದೂಸ್ತಾನಿ ರಾಗಗಳನ್ನು ಕೇಳಿಸಿ ಏನನ್ನಿಸಿತು ಎಂದು ಗುರುತು ಹಾಕಿಸಿದರು. ಕೋಮಲ ರಿಷಭದ ಪಾಲು ಹೆಚ್ಚಿದ್ದಲ್ಲಿ ದುಃಖ, ತಳಮಳದಂಥ ಭಾವಗಳೂ ಹೆಚ್ಚಿದವು. ನಮ್ಮ ಹಾನಗಲ್ಲಿನ ಹೆಸರು ಹೊತ್ತ ಗಾಯಕಿ ಗಂಗೂಬಾಯಿಯವರು ಸಂಜೆಯ ಮಾರ್ವಾ ರಾಗದಲ್ಲಿ ಆ ರಿಷಭದ ಮೇಲೆ ಬಂದು ನಿಲ್ಲುವುದನ್ನು ಕೇಳಿದವರಿಗೆ ಈ ಅಧ್ಯಯನ ಹೊಸತೇನನ್ನೂ ಹೇಳುವುದಿಲ್ಲ. ಗಂಟಲಿನ ಚಿಕಿತ್ಸೆಯ ನಂತರ ದಪ್ಪಗಾದ ದನಿ ಅವರದು. ಆ ದನಿ ಷಡ್ಜಕ್ಕೆ ಮರಳಲು ಅವಸರ ಮಾಡುವುದಿಲ್ಲ, ಕೇಳುವವನೂ ಜೊತೆಗೆ ಕಾಯುತ್ತಾನೆ. ಮಾತೇ ಇಲ್ಲದ ಆಲಾಪ ಯಾವ ಸಾವಿನ ಕಥೆಯನ್ನೂ ಹೇಳುತ್ತಿಲ್ಲ, ಆದರೂ ಎದೆ ತುಂಬಿ ಬರುತ್ತದೆ.

ರಾಸಾಯನಿಕದ ವಿವರಣೆಯೂ ಒಂದಿದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಅತ್ತಾಗ ಸಮಾಧಾನ ತರುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ದುಃಖದ ಸಂಗೀತ ಕೇಳಿದಾಗಲೂ ಏರಬಹುದು, ನಿಜವಾದ ನಷ್ಟ ಇಲ್ಲದ ಕಾರಣ ಸಮಾಧಾನ ಮಾತ್ರ ಉಳಿಯಬಹುದು ಎಂದು 2011ರಲ್ಲಿ ಸಂಗೀತ ಸಂಶೋಧಕ ಡೇವಿಡ್ ಹ್ಯೂರನ್ ಊಹಿಸಿದರು. ಊಹೆ ಚೆನ್ನಾಗಿತ್ತು, ಪತ್ರಿಕೆಗಳಲ್ಲೂ ಓಡಾಡಿತು. ಮುಂದೆ ಕೇಳುಗರ ರಕ್ತ ಪರೀಕ್ಷೆ ಮಾಡಿ ನೋಡಿದಾಗ ಹಾಗೆ ಏರಿದ್ದು ಕಾಣಲಿಲ್ಲ. ವಾಟ್ಸ್ಯಾಪಿನಲ್ಲಿ ಇದು ಸಿದ್ಧ ಸತ್ಯದಂತೆ ಈಗಲೂ ಬರುತ್ತಿರುವುದರಿಂದ ಇಷ್ಟು ಹೇಳಬೇಕಾಯಿತು.

ಇದಕ್ಕಿಂತ ನನಗೆ ಹೆಚ್ಚು ನಿಜ ಅನ್ನಿಸಿದ್ದು ಜನರನ್ನೇ ಕೇಳಿ ಮಾಡಿದ ಅಧ್ಯಯನಗಳು. 2014ರಲ್ಲಿ ಲಿಲಾ ತಾರುಫಿ ಮತ್ತು ಸ್ಟೆಫಾನ್ ಕೋಲ್ಶ್ 772 ಜನರನ್ನು ಕೇಳಿದರು: ದುಃಖದ ಸಂಗೀತ ಕೇಳುವಾಗ ನಿಮ್ಮೊಳಗೆ ಏನಾಗುತ್ತದೆ? ಹೆಚ್ಚು ಜನ ಹೇಳಿದ್ದು ದುಃಖ ಎಂದಲ್ಲ, ಕಳೆದ ಕಾಲದ ಹಂಬಲ ಎಂದು. ಫಿನ್ಲೆಂಡಿನಿಂದ ಬಂದ ಸಂಶೋಧಕರಾದ ಯೋನಾ ವುಓಸ್ಕೋಸ್ಕಿ ಮತ್ತು ತುಓಮಾಸ್ ಏರೋಲಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ದುಃಖದ ಸಂಗೀತದಲ್ಲಿ ಸುಖ ಕಂಡವರು ಮೊದಲು ಮನಸ್ಸು ಕರಗಿದವರು, ಆ ಕರಗುವಿಕೆಯ ಮೂಲಕವೇ ಸುಖ ಬರುತ್ತದೆ ಎಂದು 2017ರಲ್ಲಿ ತೋರಿಸಿದರು. ಬೇರೆಯವರ ನೋವಿಗೆ ಬೇಗ ಮಿಡಿಯುವ ಸ್ವಭಾವದವರಿಗೇ ಇಂಥ ಸಂಗೀತ ಹೆಚ್ಚು ಹಿಡಿಸುತ್ತದೆ ಎಂಬುದನ್ನೂ ಅವರು ಅದಕ್ಕೆ ಮುಂಚೆಯೇ ಕಂಡಿದ್ದರು. ಗಂಡಿನ ಕಡೆಯ ಹೆಂಗಸರು ಅತ್ತದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ. ಅವರೆಲ್ಲ ಒಂದು ದಿನ ಅದೇ ಜಾಗದಲ್ಲಿ ಉಡಿ ತುಂಬಿಸಿಕೊಂಡು ನಿಂತವರು.

ಕೇಳುವವರ ನೆನಪು ಎಷ್ಟು ಬಲವಾದದ್ದೆಂದರೆ, ದುಃಖದ್ದಲ್ಲದ ಹಾಡನ್ನೂ ಅದು ದುಃಖದ್ದಾಗಿಸಬಲ್ಲದು. 2017ರ 'ರಾಜಕುಮಾರ' ಚಿತ್ರದಲ್ಲಿ ವಿಜಯ್ ಪ್ರಕಾಶ್ ಹಾಡಿದ ಬೊಂಬೆಯ ಹಾಡು 'ಕಸ್ತೂರಿ ನಿವಾಸ'ದ ನೆನಪಿಗೆ ಕಟ್ಟಿದ್ದು, ಮೆರವಣಿಗೆಗಳಲ್ಲಿ ಕುಣಿಯುತ್ತ ಕೇಳಿದ ಹಾಡು. 2021ರ ಅಕ್ಟೋಬರ್ 29ರಂದು ಆ ಚಿತ್ರದ ನಾಯಕ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆ ದಿನದ ನಂತರ ಅದರ ಒಂದು ಸ್ವರವೂ ಬದಲಾಗಿಲ್ಲ, ಕೇಳುವವರು ಬದಲಾದರು. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಈಗ ಅದು ಶುರುವಾದರೆ ಮುಂದಿನ ಸಾಲಿನ ಹುಡುಗರು ಮೊಬೈಲಿನ ಬೆಳಕು ಹಚ್ಚಿ ಎತ್ತಿ ಹಿಡಿಯುತ್ತಾರೆ, ಅವರಲ್ಲಿ ಅಳುವವರೂ ಇರುತ್ತಾರೆ. ಅವರ ಪೈಕಿ ಹೆಚ್ಚಿನವರು ಪುನೀತರನ್ನು ಪರದೆಯ ಮೇಲೆ ಬಿಟ್ಟು ಬೇರೆಲ್ಲೂ ಕಂಡವರಲ್ಲ.

ರಾಣೆಬೆನ್ನೂರಿನ ತಾಯಿಯೊಬ್ಬರ ಪತ್ರದಲ್ಲಿ ಈ ಪ್ರಶ್ನೆಗೆ ಚಿಂತೆಯೂ ಸೇರಿತ್ತು. ಪಿಯುಸಿ ಓದುವ ಮಗ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಬರೀ ಅಳುವ ಹಾಡು ಕೇಳುತ್ತಾನೆ, ಕೆಟ್ಟು ಹೋಗುತ್ತಾನಾ ಎಂದು. ಕೇಳುವುದರಿಂದಲೇ ಕೆಡುವುದಿಲ್ಲ ಅಕ್ಕಾರೆ. ಖಿನ್ನತೆ ಇರುವವರು ದುಃಖದ ಸಂಗೀತವನ್ನೇ ಆರಿಸಿಕೊಳ್ಳುವುದು ಅದು ಮನಸ್ಸನ್ನು ಶಾಂತ ಮಾಡುತ್ತದೆ ಎಂಬ ಕಾರಣಕ್ಕೆ ಎಂದು 2020ರಲ್ಲಿ ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೇಳಿತು. ಆದರೆ ಎಲ್ಲರಿಗೂ ಒಂದೇ ಅಲ್ಲ. ಒಂದೇ ನೋವನ್ನು ತಲೆಯಲ್ಲಿ ತಿರುಗಿಸುತ್ತಲೇ ಇರುವ ಸ್ವಭಾವದವರಿಗೆ ಅದೇ ಹಾಡು ಆ ತಿರುಗಾಟಕ್ಕೆ ಇನ್ನಷ್ಟು ಬಲ ಕೊಡುವುದುಂಟು. ಹಾಡು ಮುಗಿದ ಮೇಲೆ ಹುಡುಗ ಹಗುರಾಗಿ ಹೊರಗೆ ಬರುತ್ತಾನೋ, ಇನ್ನೂ ಒಳಗೆ ಸೇರಿಕೊಳ್ಳುತ್ತಾನೋ ನೋಡಿ. ಊಟ, ನಿದ್ದೆ, ಗೆಳೆಯರು, ಓದು ಎಲ್ಲವನ್ನೂ ವಾರಗಟ್ಟಲೆ ಬಿಟ್ಟಿದ್ದರೆ ವಿಷಯ ಹಾಡಿನದಲ್ಲ, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಷ್ಟರ ಮಟ್ಟಿನದಲ್ಲದಿದ್ದರೆ, ಯಾವ ಹಾಡು ಎಂದು ಕೇಳಿ, ಜೊತೆಗೆ ಕೂತು ನೀವೂ ಒಮ್ಮೆ ಕೇಳಿ. ನನಗೆ ಆತಂಕ ಇರುವುದು ಹಾಡಿನ ಬಗ್ಗೆ ಅಲ್ಲ, ಒಬ್ಬನೇ ಕೇಳುವುದರ ಬಗ್ಗೆ. ನಮ್ಮ ಸೀಮೆಯಲ್ಲಿ ದುಃಖದ ಹಾಡು ಒಬ್ಬರೇ ಕೇಳುವ ವಸ್ತು ಎಂದೂ ಆಗಿರಲಿಲ್ಲ.

ಇದಕ್ಕೆ ನಾನು ಕಂಡ ದೊಡ್ಡ ಸಾಕ್ಷಿ ಮೊಹರಂ. ಕ್ರಿ.ಶ. 680ರಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ಕರ್ಬಲದ ಮರಳಿನಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಮತ್ತು ಅವರ ಸಂಗಡಿಗರು ಮಡಿದರು. ಹತ್ತಿರದಲ್ಲೇ ಯೂಫ್ರೆಟಿಸ್ ಹರಿಯುತ್ತಿದ್ದರೂ ಮಕ್ಕಳಿಗೆ ಕುಡಿಯಲು ನೀರು ಬಿಡಲಿಲ್ಲ. ಆ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳು ಉತ್ತರ ಕರ್ನಾಟಕದ ಊರೂರಲ್ಲಿ ಇವೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ, ಒಬ್ಬ ಹೇಳಿದ್ದನ್ನು ಉಳಿದವರು ಎತ್ತಿಕೊಂಡು ಹಾಡುತ್ತಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಲಿಂಗಾಯತರು, ಕುರುಬರು, ವಾಲ್ಮೀಕಿ ಸಮುದಾಯದವರು ಅಲಾಯಿ ದೇವರನ್ನು ಕೂರಿಸಿ ಪದ ಹೇಳುತ್ತಾರೆ. ರಹಮತ್ ತರೀಕೆರೆಯವರ 'ಕರ್ನಾಟಕದ ಮೊಹರಂ' ಓದಿದವರಿಗೆ ಇದರ ಹರವು ಗೊತ್ತು. ಹಬ್ಬದ ಕೊನೆಯ ದಿನಕ್ಕೆ ಮುಂಚಿನ ಖತಲ್ ರಾತ್ರಿ ಬೆಂಕಿಯ ಮುಂದೆ ನಿಂತು ಕೇಳಿ. ಕಾಲಿನ ಹೆಜ್ಜೆ ಗಟ್ಟಿ, ಹಲಗೆಯ ಪೆಟ್ಟು ಬಿರುಸು. ಪದದಲ್ಲಿ ಮಾತ್ರ ಮದುವೆಯ ದಿನವೇ ರಣಕ್ಕೆ ಹೊರಟ ಕಾಸೀಮನಿದ್ದಾನೆ, ನೀರು ಕೇಳುವ ಹಸುಗೂಸಿದೆ. ಮಳೆ ಕಾಯುತ್ತ ಕೂತ ಬಯಲುಸೀಮೆಯ ರೈತನಿಗೆ ನೀರು ಸಿಗದ ಮಕ್ಕಳ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಹುಲಿವೇಷ, ಸಕ್ಕರೆ, ಚೊಂಗೆ, ಹುಡುಗರ ಗದ್ದಲ. ಹಬ್ಬ ಮತ್ತು ಶೋಕ ಒಂದೇ ಅಂಗಳದಲ್ಲಿ ಒಂದನ್ನೊಂದು ಕೆಡಿಸದೆ ಇರುವುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರೂ ಅಲಾಯಿ ಕುಣಿತಕ್ಕೆ ರಿವಾಯತ್ ಪದ ಕಟ್ಟಿಕೊಟ್ಟವರು. 1819ರಿಂದ 1889ರವರೆಗೆ ಬಾಳಿದ ಶರೀಫರು ಕಳಸದ ಗೋವಿಂದಭಟ್ಟರ ಶಿಷ್ಯರು, ಸ್ವಲ್ಪ ಕಾಲ ಶಾಲೆಯ ಮಾಸ್ತರಿಕೆ ಮಾಡಿದವರು, ಹೆಂಡತಿಯನ್ನು ಬೇಗ ಕಳೆದುಕೊಂಡವರು. ಅವರ ತತ್ವಪದಗಳು ಸಿ. ಅಶ್ವಥ್ ಅವರ ದನಿಯಲ್ಲಿ ನಾಡಿಗೆಲ್ಲ ಹೋದವು, ರಿವಾಯತ್ ಪದಗಳು ಅಷ್ಟು ದೂರ ಹೋಗಲಿಲ್ಲ. ತತ್ವಪದಗಳಿಗೆ ಇನ್ನೊಂದು ನೆಲೆಯೂ ನಮ್ಮಲ್ಲಿದೆ, ಸಾವಿನ ಮನೆ. ಹೆಣ ಇಟ್ಟ ರಾತ್ರಿ ಭಜನಾ ಮೇಳದವರು ಪೇಟಿ, ತಬಲಾ, ತಾಳ ಹಿಡಿದುಕೊಂಡು ಬಂದು ಅಂಗಳದಲ್ಲಿ ಕೂರುತ್ತಾರೆ. ಯಾರೂ ಅವರಿಗೆ ದುಡ್ಡು ಕೊಟ್ಟು ಕರೆಸುವುದಿಲ್ಲ. ಬೆಳಗಾಗುವ ತನಕ ದೇಹ ನಿಲ್ಲದ್ದು, ಮನೆ ಬಿಟ್ಟು ಹೋಗಲೇಬೇಕು ಎಂಬ ಅರ್ಥದ ಪದಗಳನ್ನೇ ಒಂದರ ಹಿಂದೊಂದು ಹಾಡುತ್ತಾರೆ. ಒಳಗೆ ಹೆಣ್ಣುಮಕ್ಕಳು ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತಿರುತ್ತಾರೆ, ಹೊರಗೆ ಪದ ನಡೆದಿರುತ್ತದೆ. ಚಹಾ ಬರುತ್ತದೆ, ಹೊಸಬರು ಬಂದು ತಾಳ ಇಸಿದುಕೊಳ್ಳುತ್ತಾರೆ. ಸತ್ತವನ ಮಗ ನಡುರಾತ್ರಿಯ ಹೊತ್ತಿಗೆ ತಾನೂ ಹೊರಗೆ ಬಂದು ಮೇಳದ ಅಂಚಿಗೆ ಕೂತು ಪಲ್ಲವಿಗೆ ದನಿ ಸೇರಿಸಿದ್ದನ್ನು ನೋಡಿದ್ದೇನೆ. ನಿಜವಾದ ದುಃಖದ ನಡುವೆಯೂ ಜನ ದುಃಖದ ಪದವನ್ನೇ ಕೇಳುತ್ತಾರೆ. ಅಪಾಯವಿಲ್ಲದ ದುಃಖದಲ್ಲಿ ಮಾತ್ರ ಸುಖ ಇದೆ ಎಂಬ ವಿವರಣೆ ಈ ಅಂಗಳದಲ್ಲಿ ಸಾಲುವುದಿಲ್ಲ.

ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ನಮ್ಮದೇ ಕಾವ್ಯಶಾಸ್ತ್ರ. ಕರುಣರಸದಿಂದ ಆನಂದ ಹೇಗೆ ಎಂದು ಸಾವಿರ ವರ್ಷಗಳ ಹಿಂದೆಯೇ ಕಾಶ್ಮೀರದ ಭಟ್ಟನಾಯಕ, ಅಭಿನವಗುಪ್ತರು ತಲೆ ಕೆಡಿಸಿಕೊಂಡಿದ್ದರು. ಕನ್ನಡದಲ್ಲಿ ಈ ಚರ್ಚೆಯನ್ನು ತಿಳಿಯಬೇಕಾದವರು 1953ರಲ್ಲಿ ಬಂದ ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದಬೇಕು. ನನ್ನ ದುಃಖ ನನ್ನದು ಮಾತ್ರ ಆಗಿರುವ ತನಕ ಅದು ಬರೀ ಸಂಕಟ. ಕಲೆಯಲ್ಲಿ ಅದು ನನ್ನದು, ಅವನದು ಎಂಬ ಕಟ್ಟು ಕಳಚಿಕೊಂಡು ಎಲ್ಲರದ್ದಾದಾಗ ರಸವಾಗುತ್ತದೆ ಎಂಬುದು ಆ ಕಾಶ್ಮೀರದ ಪಂಡಿತರ ವಿಚಾರದ ಸಾರ. ತೊಟ್ಟು ಬಿಡಿಸುತ್ತಿದ್ದ ಆ ಹೆಣ್ಣುಮಗಳು ಹೇಳಿದ್ದೂ ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಸಾವಿನ ಮನೆಯ ಮಗನಿಗೆ ಆ ರಾತ್ರಿ ಸಿಕ್ಕಿದ್ದು ಮರೆವಲ್ಲ. ಅವನ ಅಪ್ಪನ ಸಾವು ಎಲ್ಲರ ಅಪ್ಪಂದಿರ ಸಾವಿನ ಸಾಲಿಗೆ ಸೇರಿತು, ಅವನ ಪಕ್ಕ ಹತ್ತು ದನಿ ಇದ್ದವು.

ಮೇಳಗಳು ಕಡಿಮೆಯಾಗುತ್ತಿವೆ ಎಂಬುದೇ ನನ್ನ ಚಿಂತೆ. ಸಾವಿನ ಮನೆಗೆ ಈಗ ಕೆಲವು ಕಡೆ ಪೆನ್‌ಡ್ರೈವಿನ ಭಜನೆ ಬರುತ್ತಿದೆ. ರಿವಾಯತ್ ಪದ ಬಲ್ಲ ಹಿರಿಯರ ಹತ್ತಿರ ಕೈಬರಹದ ಪುಸ್ತಕಗಳಿವೆ, ಮಟ್ಟು ಮಾತ್ರ ಅವರ ಗಂಟಲಲ್ಲಷ್ಟೇ ಇದೆ. ಜಾನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಗೊಟಗೋಡಿಯಲ್ಲೇ ಇದೆ, ದಾಖಲಿಸುವ ಕೆಲಸವನ್ನು ಅದು ಮಾಡಲಿ. ಹಾಡುವ ಕೆಲಸ ಊರಿನವರದ್ದು. ನಿಮ್ಮೂರಲ್ಲಿ ಅಂಥ ಹಿರಿಯರಿದ್ದರೆ ಮುಂದಿನ ಮೊಹರಂ ತನಕ ಕಾಯಬೇಡಿ, ಈ ವಾರವೇ ಇಬ್ಬರು ಮೂವರು ಹುಡುಗರನ್ನು ಕರೆದುಕೊಂಡು ಹೋಗಿ ಅವರ ಮುಂದೆ ಕೂತು ಒಂದು ಪದವನ್ನಾದರೂ ಕಲಿತು ಬನ್ನಿ.